ಪಾಪದ ಅರಿಕೆ ಮಾಡುವುದು ಹೇಗೆ, ಕ್ಷಮೆ ಸಿಕ್ಕಿತೆಂದು ನಂಬುವುದು ಹೇಗೆ: ಹಾಸನ, ಚಿಕ್ಕಮಗಳೂರು ಕಡೆಯ ಕ್ರೈಸ್ತರಿಗೊಂದು ಸಮಗ್ರ ಮಾರ್ಗದರ್ಶಿ

1 ಯೋಹಾನ 1:9 ನಮ್ಮಲ್ಲಿ ಬಾಯಿಪಾಠ ಬಾರದವರು ಕಡಿಮೆ. ಪಾಪಗಳನ್ನು ಒಪ್ಪಿಕೊಂಡರೆ ದೇವರು ಕ್ಷಮಿಸಿ ಶುದ್ಧಮಾಡುತ್ತಾನೆ ಎಂಬ ಆ ವಚನವನ್ನು ಸಂಡೇ ಸ್ಕೂಲಿನಲ್ಲಿ ಬಹುಮಾನದ ಆಸೆಗೆ ಕಲಿತವರೇ ಹೆಚ್ಚು. ಆದರೂ ರಾತ್ರಿ ಮೊಣಕಾಲೂರಿ "ಸ್ವಾಮೀ, ಕ್ಷಮಿಸಪ್ಪಾ" ಎಂದು ಮಲಗಿದವರು ಬೆಳಿಗ್ಗೆ ಎದ್ದು ಅದೇ ಭಾರ ಹೊತ್ತುಕೊಂಡು ತಿರುಗುತ್ತಾರೆ. ನನಗೆ ಕಾಣುವ ಮಟ್ಟಿಗೆ ಇದಕ್ಕೆ ಎರಡು ಕಾರಣ. ಒಂದು, ಅರಿಕೆ ಮಾಡುವಾಗ ಅಸಲು ವಿಷಯ ಬಿಟ್ಟು ಸುತ್ತಮುತ್ತಲಿನದೆಲ್ಲ ಹೇಳುತ್ತೇವೆ. ಇನ್ನೊಂದು, ಕ್ಷಮೆ ಸಿಕ್ಕಿತೋ ಇಲ್ಲವೋ ಎಂಬುದನ್ನು ದೇವರ ವಾಗ್ದಾನದಲ್ಲಿ ನೋಡದೆ ನಮ್ಮ ಎದೆಯೊಳಗೆ ತಡಕಾಡುತ್ತೇವೆ. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡನ್ನು ಸರಿಪಡಿಸಿಕೊಳ್ಳುವುದಕ್ಕೇ.

ಯಾವ ಸಭೆಯವರಿಗೆ ಬರೆಯುತ್ತಿದ್ದೇನೆ ಎಂಬುದನ್ನೂ ಹೇಳಿಬಿಡಬೇಕು. ಹಾಸನ ಮತ್ತು ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಕ್ಯಾಥೊಲಿಕರು 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. ಅವರಿಗೆ ಪಾಪನಿವೇದನೆ ಒಂದು ಸಂಸ್ಕಾರ. ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ ಕಟ್ಟಿದ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದವು; ಅಲ್ಲಿ ಅರಿಕೆ ಆರಾಧನೆಯ ಒಂದು ಭಾಗ, ಎಲ್ಲರೂ ಸೇರಿ ಮಾಡುವಂಥದ್ದು. ಇತ್ತೀಚಿನ ಪ್ರಾರ್ಥನಾ ಮಂದಿರಗಳಲ್ಲಿ ಅದು ಬಹುಮಟ್ಟಿಗೆ ಒಬ್ಬೊಬ್ಬರ ಪ್ರಾರ್ಥನೆಗೆ ಬಿಟ್ಟ ವಿಷಯ. ನಮ್ಮ ಮನೆಯೊಳಗೇ ನಾನು ಸಿಎಸ್‌ಐ, ನಮ್ಮ ಮನೆಯವರು ಚಿಕ್ಕಮಗಳೂರಿನ ಕೊಂಕಣಿ ಕ್ಯಾಥೊಲಿಕರು, ಅವರ ಬಾಯಲ್ಲಿ ಇದು ಇಂದಿಗೂ 'ಕುಮ್ಸಾರ್'. ಹಾಗಾಗಿ ಎರಡೂ ದಾರಿಯನ್ನು ಬರೆದಿದ್ದೇನೆ. ಯಾವುದು ಮೇಲು ಎಂಬ ವಾದ ಮನೆಯಲ್ಲೇ ಮುಗಿದಿಲ್ಲ, ಇಲ್ಲಿ ಮುಗಿಸುವ ಯೋಚನೆಯೂ ಇಲ್ಲ.

ಹೆಜ್ಜೆ 1: ಕೂತು ನೆನಪು ಮಾಡಿಕೊಳ್ಳಿ

ಅರ್ಧ ಗಂಟೆ ಬೇಕು, ಮೊಬೈಲ್ ಪಕ್ಕದ ಕೋಣೆಯಲ್ಲಿರಬೇಕು. ಇದಕ್ಕೆ ವಿಶೇಷವಾದ ಜಾಗ ಏನೂ ಬೇಡ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನ ಹತ್ತಿರ ಹೋಗಿ ಕೂತರೆ ಮನಸ್ಸು ಕರಗುತ್ತದೆ ಎನ್ನುವವರಿದ್ದಾರೆ. ಭಾನುವಾರ ಹೋಗಿ ನೋಡಿ, ಪ್ರೀ ವೆಡ್ಡಿಂಗ್ ಫೋಟೊದವರ ನಡುವೆ ಯಾವ ಪಾಪ ನೆನಪಾಗುತ್ತದೋ! ಅಡುಗೆಮನೆಯ ಮೂಲೆಯೇ ವಾಸಿ.

ಮೊದಲು ಲೂಕ 15ನೇ ಅಧ್ಯಾಯ ಓದಿ, ಆಮೇಲೆ ನೆನಪು ಮಾಡಿಕೊಳ್ಳಲು ಶುರುಮಾಡಿ. ದೂರದಲ್ಲಿ ಬರುತ್ತಿರುವ ಮಗನನ್ನು ಕಂಡು ಓಡಿಬಂದ ತಂದೆಯ ಮುಂದೆ ಕೂತಿದ್ದೇನೆ ಎಂಬುದು ಮನಸ್ಸಿಗೆ ಬರದೆ ಪಾಪದ ಪಟ್ಟಿ ಹಿಡಿದರೆ, ಒಂದೋ ಸುಳ್ಳು ಹೇಳುತ್ತೇವೆ, ಇಲ್ಲವೇ ಹೆದರಿ ಅರ್ಧಕ್ಕೇ ಏಳುತ್ತೇವೆ.

ಆಮೇಲೆ ದಶಾಜ್ಞೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಮಾಡಿದ್ದೇನು, ಆಡಿದ್ದೇನು, ಮಾಡಬೇಕಾಗಿದ್ದೂ ಬಿಟ್ಟಿದ್ದೇನು ಎಂದು ಕೇಳಿಕೊಳ್ಳಿ. ಮೂರನೆಯದನ್ನೇ ಜನ ಹಾರಿಸುವುದು. "ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ" ಎನ್ನುವ ಮನುಷ್ಯ ಊರಲ್ಲಿರುವ ತಾಯಿಗೆ ಫೋನ್ ಮಾಡಿ ತಿಂಗಳಾಗಿರುತ್ತದೆ. ನಮ್ಮ ಕಡೆ ಪಾಪದ ಪಟ್ಟಿಗೆ ಸೇರದೇ ಉಳಿಯುವ ಸಂಗತಿಗಳೂ ಇವೆ. ತಂಗಿಯನ್ನು ಹಬ್ಬಕ್ಕೆ ಕರೆದು, ಸೀರೆ ಕೊಟ್ಟು, ಆಸ್ತಿಯ ಹಕ್ಕು ಬಿಟ್ಟುಕೊಟ್ಟೆ ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು. ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಂಡವರು, ತೋಟದ ಕೂಲಿಯವರ ಲೈನ್ ಮನೆಯಿಂದ ಬಂದ ಹೆಂಗಸಿಗೆ ಮನೆಯಲ್ಲಿ ಬೇರೆ ಲೋಟ ಇಡುವುದು. ಜಾತಿ ನೋಡಿ ಮಗಳ ಸಂಬಂಧ ಮುರಿದು, ಅದನ್ನು ದೇವರ ಚಿತ್ತ ಎಂದು ಸಭೆಯಲ್ಲಿ ಸಾಕ್ಷಿ ಹೇಳುವುದು. ಇವೆಲ್ಲ ಕದಿಯಬೇಡ, ಸುಳ್ಳುಸಾಕ್ಷಿ ಹೇಳಬೇಡ ಎಂಬ ಆಜ್ಞೆಗಳ ಆಸುಪಾಸಿನಲ್ಲೇ ಇರುತ್ತವೆ, ಹುಡುಕಿದರೆ ಸಿಗುತ್ತವೆ.

ಪಾಪವಲ್ಲದ್ದನ್ನು ಪಾಪವೆಂದು ಹೊರುವುದೂ ತಪ್ಪೇ. ಕೆಟ್ಟ ಯೋಚನೆ ತಲೆಗೆ ಬಂದದ್ದು ಶೋಧನೆ, ಅಂದರೆ ಪಾಪದ ಕಡೆಗಿನ ಸೆಳೆತ. ಅದನ್ನು ಕೂರಿಸಿ ಕಾಫಿ ಕೊಟ್ಟು ಮಾತಾಡಿಸಿದ್ದು ಪಾಪ. ಮಕ್ಕಳಾಗದಿರುವುದು, ಗಂಡ ಬಿಟ್ಟುಹೋಗಿರುವುದು, ಚಿಕ್ಕವಯಸ್ಸಿನಲ್ಲಿ ಇನ್ನೊಬ್ಬರು ನಿಮ್ಮ ಮೇಲೆ ಎಸಗಿದ ದೌರ್ಜನ್ಯ, ಇವು ಯಾವುವೂ ನಿಮ್ಮ ಅರಿಕೆಯ ಪಟ್ಟಿಗೆ ಸೇರುವುದಿಲ್ಲ. ಯಾರಾದರೂ ಸೇರಿಸಿ ಎಂದರೆ ಅವರ ಮಾತು ಕೇಳಬೇಡಿ.

ಬರೆದುಕೊಳ್ಳುವವರು ಚೀಟಿಯಲ್ಲಿ ಬರೆಯಿರಿ, ಫೋನಿನಲ್ಲಿ ಬೇಡ. ಕೆಲಸ ಮುಗಿದ ಮೇಲೆ ಚೀಟಿ ಒಲೆಗೆ.

ಹೆಜ್ಜೆ 2: ಕಣ್ಣೀರಿಗಾಗಿ ಕಾಯಬೇಡಿ

ಅಳು ಬಂದರೆ ಮಾತ್ರ ನಿಜವಾದ ಪಶ್ಚಾತ್ತಾಪ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಉಜ್ಜೀವನ ಕೂಟಗಳು ಅದನ್ನು ಇನ್ನಷ್ಟು ಬಲಪಡಿಸಿವೆ. ಪೌಲನು 2 ಕೊರಿಂಥ 7:10ರಲ್ಲಿ ದುಃಖವನ್ನೇ ಎರಡಾಗಿ ಬೇರ್ಪಡಿಸುತ್ತಾನೆ: ದೇವರ ಕಡೆಗೆ ತಿರುಗಿಸುವ ದುಃಖ ಒಂದು, ಮರಣದ ಕಡೆಗೆ ಎಳೆಯುವ ಲೋಕದ ದುಃಖ ಇನ್ನೊಂದು. ಸಿಕ್ಕಿಬಿದ್ದೆನಲ್ಲಾ ಎಂದು ಬಿಕ್ಕಿಬಿಕ್ಕಿ ಅಳುವವನ ದುಃಖ ಎರಡನೆಯದೇ ಆಗಿರಬಹುದು. ಕಲ್ಲಿನಂತೆ ಕೂತು "ಇದು ತಪ್ಪು, ನಾನು ಮಾಡಿದೆ, ಇನ್ನು ಬೇಡ" ಎಂದವನದು ಮೊದಲನೆಯದು. ಶಿಕ್ಷೆಯ ಭಯದಿಂದ ಹುಟ್ಟಿದ ಅಪೂರ್ಣ ಪಶ್ಚಾತ್ತಾಪವೂ ಸಂಸ್ಕಾರಕ್ಕೆ ಸಾಕು ಎಂದು ಕ್ಯಾಥೊಲಿಕ್ ಸಭೆ 1551ರ ಟ್ರೆಂಟ್ ಮಹಾಸಭೆಯಲ್ಲೇ ಹೇಳಿಬಿಟ್ಟಿದೆ. ಕಣ್ಣು ಒಣಗಿದ್ದರೂ ಮುಂದಿನ ಹೆಜ್ಜೆಗೆ ಹೋಗಿ.

ಹೆಜ್ಜೆ 3: ಹೆಸರು ಹಿಡಿದು ಹೇಳಿ, ಚಿಕ್ಕದಾಗಿ ಹೇಳಿ

ಮೂಡಿಗೆರೆ ಕಡೆಯ ಎಸ್ಟೇಟಿನಲ್ಲಿ ಒಬ್ಬ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಇದ್ದಾನೆ ಎಂದಿಟ್ಟುಕೊಳ್ಳಿ. ಕಾಫಿ ಕುಯ್ಲಿನ ಕಾಲ. ಸಂಜೆ ಹೆಂಗಸರು ಹಣ್ಣಿನ ಚೀಲ ತಂದು ತಕ್ಕಡಿಗೆ ಇಡುತ್ತಾರೆ. "ಎಲೆ, ಕಡ್ಡಿ, ನೀರು" ಎಂದು ಪ್ರತಿಯೊಬ್ಬರ ತೂಕದಲ್ಲಿ ಒಂದು ಕೆಜಿ ಹೊಡೆಯುತ್ತಾನೆ. ಚೆಕ್‌ರೋಲಿನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಇಲ್ಲದ ಆಳೊಬ್ಬನ ಹೆಸರು ಬರೆದಿಟ್ಟಿದ್ದಾನೆ; ಹೊಡೆದ ಕೆಜಿಗಳೆಲ್ಲ ಆ ಹೆಸರಿಗೆ ಬೀಳುತ್ತವೆ, ವಾರದ ಬಟವಾಡೆಯಲ್ಲಿ ಆ ಹಣ ಇವನ ಜೇಬಿಗೆ ಬರುತ್ತದೆ. ಇವನು ಭಾನುವಾರ ಆರಾಧನೆ ತಪ್ಪಿಸುವವನಲ್ಲ. ಪ್ರಾರ್ಥನೆ ಹೀಗಿರುತ್ತದೆ: "ಕರ್ತನೇ, ನಾನು ಮಹಾಪಾಪಿ, ಧೂಳಿಗೆ ಸಮಾನ, ನನ್ನ ಎಲ್ಲ ಅಪರಾಧಗಳನ್ನು ಮನ್ನಿಸು." ಕೇಳಲು ಎಷ್ಟು ದೀನವಾಗಿದೆ! ಆದರೆ ಇದರಲ್ಲಿ ತಕ್ಕಡಿಯೂ ಇಲ್ಲ, ಚೆಕ್‌ರೋಲೂ ಇಲ್ಲ. ಅವನು ಮಾಡಬೇಕಾದ ಅರಿಕೆ ಇಷ್ಟೇ: "ಈ ಕುಯ್ಲಿನಲ್ಲಿ ಹೆಂಗಸರ ತೂಕದಲ್ಲಿ ದಿನಕ್ಕೆ ಒಂದೊಂದು ಕೆಜಿ ಕದ್ದೆ. ಸುಳ್ಳು ಹೆಸರು ಬರೆದು ದುಡ್ಡು ತಗೊಂಡೆ." ಎರಡು ಸಾಲು ಮುಗಿಯಿತು. ಇದನ್ನು ಒಮ್ಮೆ ಬಾಯಿಬಿಟ್ಟು ಹೇಳಿದವನಿಗೆ ಮರುದಿನ ತಕ್ಕಡಿಯ ಮುಂದೆ ನಿಲ್ಲುವುದೇ ಬೇರೆ ಥರ ಆಗಿಬಿಡುತ್ತದೆ. 'ಮಹಾಪಾಪಿ' ಎಂದವನಿಗೆ ಏನೂ ಆಗುವುದಿಲ್ಲ.

ಬೈಬಲ್ಲಿನ ಅರಿಕೆಗಳೂ ಚಿಕ್ಕವೇ. ಪ್ರವಾದಿ ನಾತಾನನ ಮುಂದೆ ಅರಸ ದಾವೀದ ಹೇಳಿದ್ದು ಯೆಹೋವನಿಗೆ ವಿರೋಧವಾಗಿ ಪಾಪ ಮಾಡಿದೆ ಎಂಬ ಒಂದೇ ಮಾತು. ಅದೇ ವಚನದಲ್ಲಿ, 2 ಸಮುವೇಲ 12:13ರಲ್ಲಿ, ಕ್ಷಮೆಯ ಉತ್ತರವೂ ಬಂದುಬಿಡುತ್ತದೆ. ತಪ್ಪಿಹೋದ ಮಗ ಹಂದಿಗಳ ಮಧ್ಯೆ ಕೂತು ಒಂದು ಭಾಷಣ ತಯಾರು ಮಾಡಿದ್ದ, ಕೊನೆಗೆ "ನನ್ನನ್ನು ಕೂಲಿಯವನನ್ನಾಗಿ ಇಟ್ಟುಕೋ" ಎಂಬ ಸಾಲೂ ಅದರಲ್ಲಿತ್ತು. ಲೂಕ 15ರ 19ನೇ ವಚನವನ್ನು 21ರ ಜೊತೆ ಇಟ್ಟು ಓದಿ ನೋಡಿ. ಆ ಸಾಲು ಹೇಳಲು ತಂದೆ ಬಿಡಲೇ ಇಲ್ಲ, ಆಗಲೇ ನಿಲುವಂಗಿ ತರಿಸುತ್ತಿದ್ದ.

ಹೇಳುವಾಗ 'ಆದರೆ' ಎಂಬುದು ನಾಲಿಗೆಗೆ ಬಂದರೆ ಅಲ್ಲೇ ನಿಲ್ಲಿಸಿ. "ಕೋಪ ಮಾಡಿಕೊಂಡೆ, ಆದರೆ ಅವಳೂ..." ಎಂದ ಕೂಡಲೇ ಅರಿಕೆ ಮುಗಿದು ಚಾಡಿ ಶುರುವಾಗುತ್ತದೆ. ಅತ್ತೆಯ ಪಾಪ ಅತ್ತೆ ಹೇಳಿಕೊಳ್ಳಲಿ.

ಹೆಜ್ಜೆ 4: ಯಾರ ಮುಂದೆ ಹೇಳುವುದು

ದೇವರ ಮುಂದೆ, ಅದು ಎಲ್ಲರಿಗೂ. ಅದರ ಮೇಲೆ ಇನ್ನೊಬ್ಬ ಮನುಷ್ಯನ ಕಿವಿ ಬೇಕೇ ಎಂಬುದರಲ್ಲಿ ಸಭೆಗಳು ಬೇರೆಬೇರೆ.

ಕ್ಯಾಥೊಲಿಕರಾದರೆ ಕ್ರಮ ಹೀಗೆ. ಜಾಲರಿಯ ಗೂಡಿನಲ್ಲಿ ಮೊಣಕಾಲೂರಿ ಅಥವಾ ಗುರುಗಳ ಎದುರು ಕೂತು ಶಿಲುಬೆಯ ಗುರುತು ಹಾಕಿಕೊಳ್ಳಿ. "ಫಾದರ್, ಆಶೀರ್ವಾದ ಮಾಡಿ, ನಾನು ಪಾಪ ಮಾಡಿದ್ದೇನೆ. ಹೋದ ಸಲ ಪಾಪನಿವೇದನೆ ಮಾಡಿ ಇಷ್ಟು ದಿನ ಆಯಿತು" ಎಂದು ಹೇಳಿ. ಗಂಭೀರ ಪಾಪಗಳಾದರೆ ಯಾವ ಪಾಪ, ಸುಮಾರು ಎಷ್ಟು ಸಲ ಎಂಬುದನ್ನು ಹೇಳಬೇಕು. ಕಥೆ, ಹೆಸರು, ಊರು ಬೇಡ. ಗುರುಗಳು ಒಂದೆರಡು ಬುದ್ಧಿಮಾತು ಹೇಳಿ ಪ್ರಾಯಶ್ಚಿತ್ತ ಕೊಡುತ್ತಾರೆ. ನೀವು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದ ಮೇಲೆ ಅವರು ಕೈ ಚಾಚಿ ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಪಾಪವಿಮೋಚನೆ ಕೊಡುತ್ತಾರೆ. "ಆಮೆನ್" ಎಂದು ಎದ್ದು ಬನ್ನಿ, ಪ್ರಾಯಶ್ಚಿತ್ತವನ್ನು ಅಂದೇ ಮುಗಿಸಿಬಿಡಿ. ಮರೆತುಹೋದ ಪಾಪಕ್ಕೂ ಕ್ಷಮೆ ಸಿಕ್ಕಿದೆ, ಗಂಭೀರವಾದದ್ದು ಆಮೇಲೆ ನೆನಪಾದರೆ ಮುಂದಿನ ಸಲ ಹೇಳಿದರಾಯಿತು. ಗೊತ್ತಿದ್ದೂ ಗಂಭೀರ ಪಾಪವನ್ನು ಮುಚ್ಚಿಟ್ಟರೆ ಮಾತ್ರ ಆ ಪಾಪನಿವೇದನೆಯೇ ಅಸಿಂಧು.

ಇಪ್ಪತ್ತು ವರ್ಷ ಹೋಗಿಲ್ಲ, ಪ್ರಾರ್ಥನೆಯೂ ಮರೆತಿದೆ ಎನ್ನುವವರು ಅದನ್ನೇ ಮೊದಲ ವಾಕ್ಯವಾಗಿ ಹೇಳಿ. ಮುಂದಿನದನ್ನು ಗುರುಗಳೇ ನಡೆಸಿಕೊಡುತ್ತಾರೆ. ಕನ್ನಡವೋ ಕೊಂಕಣಿಯೋ, ಯಾವ ಭಾಷೆಯಲ್ಲಿ ಅಮ್ಮನ ಹತ್ತಿರ ಜಗಳ ಆಡುತ್ತೀರೋ ಆ ಭಾಷೆಯಲ್ಲೇ ಹೇಳಿ, ಆ ಭಾಷೆ ಬಲ್ಲ ಗುರುಗಳನ್ನು ಕೇಳಿಕೊಳ್ಳಿ. ಊರಿನ ಫಾದರ್ ದಿನಾ ಎದುರಿಗೆ ಸಿಗುತ್ತಾರೆ ಎಂಬ ಸಂಕೋಚ ಇದ್ದರೆ ಬಸ್ಸು ಹತ್ತಿ ಬೇರೆ ಧರ್ಮಕೇಂದ್ರಕ್ಕೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಕೇಳಿದ್ದನ್ನು ಹೊರಗೆ ಹೇಳಿದ ಗುರು ಆ ಕ್ಷಣದಿಂದಲೇ ಸಭಾಭ್ರಷ್ಟ ಎಂಬುದು ಸಭೆಯ ಕಾನೂನು. ಅಷ್ಟೇ ಅಲ್ಲ, ನಿಮ್ಮ ಅನುಮತಿ ಇಲ್ಲದೆ ನಿಮ್ಮ ಹತ್ತಿರವೇ ಅವರು ಆ ವಿಷಯ ಎತ್ತುವ ಹಾಗಿಲ್ಲ.

ಸಿಎಸ್‌ಐಯವರಿಗೆ ಭಾನುವಾರದ ಕ್ರಮದಲ್ಲೇ ಅರಿಕೆ ಇದೆ, ಅದರ ಹಿಂದೆಯೇ ಸಭಾಪಾಲಕರು ಓದುವ ಕ್ಷಮೆಯ ವಚನಗಳಿವೆ. ನಮ್ಮ ಕಷ್ಟವೆಂದರೆ ಬಾಯಿಪಾಠ. ಕಣ್ಣು ಗಡಿಯಾರದ ಮೇಲೆ, ನಾಲಿಗೆ ಅರಿಕೆಯ ಮೇಲೆ. ಹತ್ತು ನಿಮಿಷ ಮುಂಚೆ ಹೋಗಿ ಕೂತು, ಆ ವಾರದ ಒಂದು ಪಾಪವನ್ನಾದರೂ ಹೆಸರು ಹಿಡಿದು ಇಟ್ಟುಕೊಂಡಿರಿ. ಎಲ್ಲರೂ ಸೇರಿ ಹೇಳುವಾಗ ಆ ಪದಗಳೊಳಗೆ ಅದನ್ನು ಸೇರಿಸಿ. ಕ್ಷಮೆಯ ವಚನ ಓದುವಾಗ ತಲೆ ಎತ್ತಿ ಕೇಳಿ. ಇಡೀ ಆರಾಧನೆಯಲ್ಲಿ ಆ ಅರ್ಧ ನಿಮಿಷ ನಿಮಗೋಸ್ಕರವೇ ಇರುವುದು, ಆಗಲೇ ಹಾಡಿನ ಪುಸ್ತಕದ ಪುಟ ತಿರುವುತ್ತಾ ಕೂರಬೇಡಿ.

ಕೆಲವು ಪಾಪಗಳು ಒಬ್ಬರೇ ಹೇಳಿಕೊಂಡರೆ ಬಿಡುವುದಿಲ್ಲ, ಮುಖ್ಯವಾಗಿ ಕುಡಿತ, ಜೂಜು, ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವ ಚಟ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಎಂದು ಯಾಕೋಬ 5:16 ಹೇಳುವುದು ಇದನ್ನೇ. ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ 1738ರಲ್ಲೇ ಇದೇ ವಚನ ಹಿಡಿದು ಪುಟ್ಟಪುಟ್ಟ ಗುಂಪುಗಳಿಗೆ ನಿಯಮ ಬರೆದಿದ್ದ: ವಾರಕ್ಕೊಮ್ಮೆ ಸೇರಿ, ಹೋದ ವಾರದಿಂದ ಏನು ಪಾಪ ಮಾಡಿದೆ ಎಂದು ಒಬ್ಬರನ್ನೊಬ್ಬರು ಕೇಳಬೇಕು. ಆ ಪದ್ಧತಿಯ ಮಕ್ಕಳಾದ ನಾವು ಅದನ್ನು ಕೈಬಿಟ್ಟು ಕಮಿಟಿ ಮೀಟಿಂಗು ಉಳಿಸಿಕೊಂಡಿದ್ದೇವೆ.

ಕೇಳುವವರನ್ನು ನೋಡಿ ಆರಿಸಿಕೊಳ್ಳಿ. ಯೂದನ ಕಥೆ ಓದುವಾಗ ಒಂದು ವಿಷಯ ಕಣ್ತಪ್ಪುತ್ತದೆ. ಅವನು ಪಶ್ಚಾತ್ತಾಪಪಟ್ಟ, ನಿರಪರಾಧಿಯನ್ನು ಹಿಡಿದುಕೊಟ್ಟೆ ಎಂದು ಬಾಯಿಬಿಟ್ಟು ಹೇಳಿದ, ಮೂವತ್ತು ಬೆಳ್ಳಿ ನಾಣ್ಯವನ್ನೂ ಹಿಂದಕ್ಕೆ ತಂದ. ಆದರೆ ಅವನು ಹೇಳಿಕೊಂಡದ್ದು ಮಹಾಯಾಜಕರ ಹತ್ತಿರ, ಅವರು "ಅದು ನಮಗೇನು?" ಎಂದು ಅಟ್ಟಿದರು. ಯೇಸು ಮೊದಲೇ ಹೇಳಿದ್ದಂತೆ ಅವನನ್ನು ಮೂರು ಸಲ ಅಲ್ಲಗಳೆದ ಪೇತ್ರನೂ ಅತ್ತ, ಆದರೆ ಯೇಸು ಇದ್ದ ದಡಕ್ಕೆ ಈಜಿಕೊಂಡು ಹೋದ. ನಿಮ್ಮ ಮಾತು ಕೇಳಿ ಕ್ರಿಸ್ತನ ಕಡೆಗೆ ತಿರುಗಿಸುವವರು ಬೇಕು. ಬಾಯಿ ಭದ್ರ ಇರಬೇಕು, ಆದಷ್ಟೂ ನಿಮ್ಮದೇ ಲಿಂಗದವರಾಗಿರಬೇಕು, ನಿಮ್ಮ ಗುಟ್ಟಿನಿಂದ ಅವರಿಗೆ ಲಾಭ ಇರಬಾರದು. ಮೈಕಿನ ಮುಂದೆ ಎಲ್ಲವನ್ನೂ ಹೇಳಿ ಎನ್ನುವ ಕೂಟಗಳಿಗೆ ನನ್ನ ಒಪ್ಪಿಗೆ ಇಲ್ಲ. ಅಲ್ಲಿ ಹೇಳಿದ್ದು ಸಂತೆಗೆ ತಲುಪಲು ಎರಡು ದಿನ ಸಾಕು, ಜೊತೆಗೆ ಇನ್ನೊಬ್ಬರ ಮಾನವೂ ಹೋಗುತ್ತದೆ.

ಅಪರಾಧದ ವಿಷಯ ಬೇರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ, ಮಕ್ಕಳ ಸಹಾಯವಾಣಿ 1098. "ಪ್ರಾರ್ಥನೆ ಮಾಡಿ ಮುಚ್ಚಿಬಿಡೋಣ" ಎನ್ನುವ ಹಿರಿಯರು ಮುಚ್ಚುತ್ತಿರುವುದು ಪಾಪವನ್ನೇ. ಗಂಡನ ಹೊಡೆತ ತಿನ್ನುತ್ತಿರುವವಳಿಗೆ "ನೀನು ಕ್ಷಮಿಸಮ್ಮಾ" ಎಂದು ಮನೆಗೆ ವಾಪಸು ಕಳಿಸುವುದೂ ಹಾಗೆಯೇ. ಅವಳಿಗೆ ಮೊದಲು ಬೇಕಾದ್ದು ಸುರಕ್ಷಿತ ಜಾಗ, ಮಹಿಳಾ ಸಹಾಯವಾಣಿ 181.

ಹೆಜ್ಜೆ 5: ಕೊಡಬೇಕಾದ್ದನ್ನು ಕೊಡಿ

ಇದು ಕ್ಷಮೆಯ ಬೆಲೆ ಅಲ್ಲ. ಸುಂಕದವನಾದ ಜಕ್ಕಾಯನ ಮನೆಗೆ ಯೇಸು ಮೊದಲು ಬಂದ, ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದು ಅವನು ಹೇಳಿದ್ದು ಆಮೇಲೆ. ಆದರೆ ಜೇಬಿನಲ್ಲಿ ಕದ್ದ ದುಡ್ಡು ಇಟ್ಟುಕೊಂಡೇ ಮನಸ್ಸಿಗೆ ಸಮಾಧಾನ ಬರಲಿ ಎಂದರೆ ಬರುವುದಿಲ್ಲ.

ಅರಣ್ಯಕಾಂಡ 5:7 ಲೆಕ್ಕವನ್ನೇ ಹೇಳುತ್ತದೆ: ಪಾಪವನ್ನು ಅರಿಕೆಮಾಡಿ, ತೆಗೆದುಕೊಂಡದ್ದಕ್ಕೆ ಐದನೇ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕು. ನಮ್ಮ ರೈಟರಿಗೆ ಹಾಕಿ ನೋಡೋಣ. ಇಪ್ಪತ್ತು ಹೆಂಗಸರು, ದಿನಕ್ಕೆ ಒಂದು ಕೆಜಿ, ಕೆಜಿಗೆ 5 ರೂಪಾಯಿ ಕೂಲಿ, ಅರವತ್ತು ದಿನದ ಕುಯ್ಲು. ಒಬ್ಬೊಬ್ಬರಿಗೆ 300 ರೂಪಾಯಿ, ಐದನೇ ಒಂದು ಪಾಲು 60, ಒಟ್ಟು 360. ಇಪ್ಪತ್ತು ಜನಕ್ಕೆ 7,200. ಹೆಸರೆಲ್ಲ ಚೆಕ್‌ರೋಲಿನಲ್ಲೇ ಇದೆ. ಕುಯ್ಲು ಮುಗಿದು ಆಳುಗಳು ಊರಿಗೆ ಹೊರಡುವ ಮುಂಚೆ ಕೊಡಬೇಕು, ಅವರವರ ಕೈಗೇ ಕೊಡಬೇಕು. ಮೇಸ್ತ್ರಿಯ ಕೈಲಿ ಕಳಿಸಿದರೆ ಅದು ಇನ್ನೊಬ್ಬನ ಅರಿಕೆಯ ಪಟ್ಟಿಗೆ ಸೇರಿಕೊಂಡೀತು. ಕೊಡುವಾಗ "ದೇವರು ಆಶೀರ್ವದಿಸಲಿ, ಇಟ್ಟುಕೊಳ್ಳಮ್ಮಾ" ಎಂದು ಇನಾಮಿನ ಥರ ಕೊಡಬಾರದು. "ಲಕ್ಷ್ಮಮ್ಮಾ, ತೂಕದಲ್ಲಿ ಹೊಡೆದಿದ್ದೆ, ಇದು ನಿಮ್ಮದೇ ದುಡ್ಡು" ಎನ್ನಬೇಕು. ಇಷ್ಟು ಹೇಳುವುದು 7,200 ಹೊಂದಿಸುವುದಕ್ಕಿಂತ ಕಷ್ಟ. ಸಾಹುಕಾರರಿಗೆ ಹೇಳಬೇಕಲ್ಲ, ಕೆಲಸ ಹೋದರೆ? ಹೋಗಬಹುದು. ದಾವೀದನಿಗೂ ಕ್ಷಮೆ ಸಿಕ್ಕಿತು, ಮಾಡಿದ್ದರ ಫಲ ತಪ್ಪಲಿಲ್ಲ. ಎರಡನ್ನೂ ಬೇರೆಬೇರೆ ಇಟ್ಟುಕೊಂಡರೆ, ಕಷ್ಟ ಬಂದಾಗಲೆಲ್ಲ "ದೇವರು ಇನ್ನೂ ಕ್ಷಮಿಸಿಲ್ಲ" ಎಂದು ಹೆದರುವುದು ತಪ್ಪುತ್ತದೆ.

ಅನ್ಯಾಯಕ್ಕೊಳಗಾದವರು ಸತ್ತುಹೋಗಿದ್ದರೆ ಅವರ ಮನೆಯವರಿಗೆ ಕೊಡಿ. ಅವರೂ ಇಲ್ಲದಿದ್ದರೆ ದೇವರ ಕೆಲಸಕ್ಕೆ ಎಂದು ಅರಣ್ಯಕಾಂಡದ ಮುಂದಿನ ವಚನ ಹೇಳುತ್ತದೆ. ದುಡ್ಡಿನದಲ್ಲದ ಪಾಪಕ್ಕೆ ಹೋಗಿ ಕ್ಷಮೆ ಕೇಳಿ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗು ಎಂದಿದ್ದಾನೆ ಯೇಸು, ಮತ್ತಾಯ 5:24. ಒಂದು ಎಚ್ಚರಿಕೆ: ಅವರಿಗೆ ಗೊತ್ತೇ ಇಲ್ಲದ ನಿಮ್ಮ ಮನಸ್ಸಿನೊಳಗಿನ ಪಾಪವನ್ನು ಅವರ ಮುಂದೆ ಸುರಿದು ಹಗುರಾಗಬೇಡಿ. "ನಿಮ್ಮ ಮೇಲೆ ಐದು ವರ್ಷದಿಂದ ಹೊಟ್ಟೆಕಿಚ್ಚು ಪಟ್ಟಿದ್ದೆ ಅಕ್ಕಾ" ಎಂದರೆ ನಿಮಗೆ ನಿದ್ದೆ ಬಂತು, ಆ ಅಕ್ಕನ ನಿದ್ದೆ ಹೋಯಿತು.

ಹೆಜ್ಜೆ 6: ಕ್ಷಮೆಯನ್ನು ನಂಬಿ

ಇಲ್ಲಿಗೆ ಬಂದು ನಿಂತುಬಿಡುವವರೇ ಹೆಚ್ಚು. ಎಲ್ಲ ಮಾಡಿಯೂ "ಏನೂ ಅನ್ನಿಸಲಿಲ್ಲವಲ್ಲಾ" ಎನ್ನುತ್ತಾರೆ.

1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ, ಕ್ರಿಸ್ತನು ನನ್ನ ಪಾಪಗಳನ್ನು, ನನ್ನವನ್ನೂ ತೆಗೆದುಹಾಕಿದ ಎಂಬ ನಿಶ್ಚಯ ಸಿಕ್ಕಿತು, ಹೃದಯ ಬೆಚ್ಚಗಾಯಿತು ಎಂದು ವೆಸ್ಲಿ ಬರೆದುಕೊಂಡದ್ದನ್ನು ನಮ್ಮ ಪ್ರಸಂಗಗಳಲ್ಲಿ ಬೇಕಾದಷ್ಟು ಸಲ ಕೇಳಿದ್ದೇವೆ. ಅದೇ ವೆಸ್ಲಿ 1739ರ ಜನವರಿಯಲ್ಲಿ, ಅಂದರೆ ಎಂಟು ತಿಂಗಳೊಳಗೆ, ನಾನೀಗ ಕ್ರೈಸ್ತನೇ ಅಲ್ಲ ಎಂದು ಅದೇ ದಿನಚರಿಯಲ್ಲಿ ಬರೆದ. ಇದನ್ನು ಯಾಕೋ ಯಾರೂ ಪ್ರಸಂಗದಲ್ಲಿ ಹೇಳುವುದಿಲ್ಲ. ಬೆಚ್ಚಗಾಗುವುದು ಬರುತ್ತದೆ, ಹೋಗುತ್ತದೆ. ಅವನು ಆಮೇಲೆ ಐವತ್ತು ವರ್ಷ ಕುದುರೆಯ ಮೇಲೆ ಊರೂರು ತಿರುಗಿ ಕ್ಷಮೆಯನ್ನು ಸಾರಿದ.

ಹಾಗಾದರೆ ಯಾವುದರ ಮೇಲೆ ನಿಲ್ಲುವುದು? 1 ಯೋಹಾನ 3:20 ಇಂಥವರಿಗೇ ಬರೆದ ಹಾಗಿದೆ: ನಮ್ಮ ಹೃದಯ ನಮ್ಮನ್ನು ಖಂಡಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು. ಮೂಡಣ ಪಡುವಣದಷ್ಟು ದೂರ ಮಾಡಿದ್ದಾನೆ ಎನ್ನುತ್ತದೆ ಕೀರ್ತನೆ 103. ಸಮುದ್ರದ ಆಳಕ್ಕೆ ಹಾಕುತ್ತಾನೆ ಎನ್ನುತ್ತಾನೆ ಮೀಕ. ಮಾಡಬೇಕಾದ್ದು ಇಷ್ಟು: ಅರಿಕೆ ಮುಗಿದ ಕೂಡಲೇ ಇವುಗಳಲ್ಲಿ ಒಂದು ವಚನವನ್ನು, ನಿಮ್ಮ ಹೆಸರು ಸೇರಿಸಿ, ಗಟ್ಟಿಯಾಗಿ ಓದಿ. ಸಂಸ್ಕಾರ ಪಡೆದವರು ಗುರುಗಳು ಹೇಳಿದ ವಿಮೋಚನೆಯ ಮಾತನ್ನು ನೆನೆಯಿರಿ. ಆಮೇಲೆ "ಕ್ಷಮಿಸು" ಎನ್ನುವುದನ್ನು ನಿಲ್ಲಿಸಿ "ಸ್ತೋತ್ರ" ಎನ್ನಿ. ಅದೇ ಪಾಪ ರಾತ್ರಿ ಹನ್ನೆರಡಕ್ಕೆ ಮತ್ತೆ ನೆನಪಿಗೆ ಬಂದರೆ ಮತ್ತೆ ಅರಿಕೆ ಬೇಡ, ಮತ್ತೆ ಸ್ತೋತ್ರ.

ಕೆಲವರಿಗೆ ಇದೂ ಸಾಲದು. ಒಂದೇ ಪಾಪವನ್ನು ಹತ್ತು ಸಲ ಹೇಳಿದರೂ ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಸಂಶಯ, ಪ್ರಾರ್ಥನೆಯ ಒಂದು ಪದ ತಪ್ಪಿದರೆ ಮೊದಲಿನಿಂದ ಶುರು. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರನನ್ನು ಯುವಕನಾಗಿದ್ದಾಗ, ಯೇಸುಸಭೆ ಕಟ್ಟಿದ ಲೊಯೊಲಾದ ಇಗ್ನೇಷಿಯಸನನ್ನೂ ಹಿಂಡಿದ ಬಾಧೆ ಇದು. ಇಂಥವರು ಒಬ್ಬರೇ ಗುರುಗಳ ಅಥವಾ ಸಭಾಪಾಲಕರ ಹತ್ತಿರ ಹೋಗಿ, ಅವರು "ಸಾಕು, ಇನ್ನು ಇದನ್ನು ಹೇಳಬೇಡ" ಎಂದರೆ ಹೇಳದೇ ಇರಿ. ನಿದ್ದೆ, ಊಟ ಕೆಡುವ ಮಟ್ಟಕ್ಕೆ ಹೋಗಿದ್ದರೆ ಅಥವಾ ಬದುಕೇ ಬೇಡ ಎನಿಸಿದರೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಬಹುದು, ದುಡ್ಡಿಲ್ಲ. ವೈದ್ಯರ ಬಳಿ ಹೋದರೆ ನಂಬಿಕೆ ಕಡಿಮೆ ಎನ್ನುವವರು ಜ್ವರ ಬಂದರೆ ಎಲ್ಲಿಗೆ ಹೋಗುತ್ತಾರೋ ವಿಚಾರಿಸಿ.

ಅದೇ ಪಾಪಕ್ಕೆ ಮತ್ತೆ ಬಿದ್ದರೆ? ಮತ್ತೆ ಒಂದನೇ ಹೆಜ್ಜೆ. ಎಪ್ಪತ್ತೇಳು ಸಲ ಕ್ಷಮಿಸು ಎಂದು ಪೇತ್ರನಿಗೆ ಹೇಳಿದವನು ತಾನು ಏಳಕ್ಕೇ ನಿಲ್ಲಿಸುವವನಲ್ಲ. ಆದರೆ ಈ ಸಲ ಬೀಳುವ ಜಾಗವನ್ನೂ ಅರಿಕೆಯಲ್ಲಿ ಸೇರಿಸಿ: ಯಾವ ಅಂಗಡಿ, ಯಾವ ಗೆಳೆಯ, ಯಾವ ಹೊತ್ತು. ಸಂಬಳದ ದಿನ ಬಸ್ ಸ್ಟ್ಯಾಂಡಿನ ಪಕ್ಕದ ದಾರಿ ಬಿಟ್ಟು ಇನ್ನೊಂದು ದಾರಿಯಲ್ಲಿ ಮನೆಗೆ ಬರುವುದೂ ಪಶ್ಚಾತ್ತಾಪವೇ.

ಎಷ್ಟು ದಿನಕ್ಕೊಮ್ಮೆ, ಯಾವಾಗ

ವರ್ಷಕ್ಕೊಮ್ಮೆಯಾದರೂ ಗಂಭೀರ ಪಾಪಗಳ ನಿವೇದನೆ ಆಗಬೇಕೆಂಬ ಕ್ಯಾಥೊಲಿಕ್ ನಿಯಮ 1215ರಷ್ಟು ಹಳೆಯದು. ಅದು ಕನಿಷ್ಠ, ತಿಂಗಳಿಗೊಮ್ಮೆ ಹೋಗುವವರಿಗೆ ನೆನಪು ಮಾಡಿಕೊಳ್ಳುವ ಕೆಲಸ ಸುಲಭ. ಸಿಎಸ್‌ಐಯವರು ವಾರದ ಅರಿಕೆಯ ಜೊತೆಗೆ, ಕರ್ತನ ಭೋಜನದ ಹಿಂದಿನ ಶನಿವಾರ ರಾತ್ರಿಯನ್ನು ಇದಕ್ಕೆ ಇಟ್ಟುಕೊಳ್ಳಿ. ಮನೆಯಲ್ಲಿ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅಪ್ಪನೇ ಮೊದಲು ಮಕ್ಕಳ ಹತ್ತಿರ "ಬೆಳಿಗ್ಗೆ ಸುಮ್ಮಸುಮ್ಮನೆ ಬೈದೆ ಕಣೋ, ತಪ್ಪಾಯ್ತು" ಎಂದರೆ, ಆ ಮನೆಯ ಮಕ್ಕಳಿಗೆ ಈ ಮಾರ್ಗದರ್ಶಿಯ ಅರ್ಧ ಭಾಗ ಓದುವ ಅಗತ್ಯ ಇರುವುದಿಲ್ಲ.

ಪವಿತ್ರ ವಾರದಲ್ಲಿ ಹೋಗುತ್ತೇನೆ ಎಂದು ಕಾಯಬೇಡಿ. ಆ ವಾರ ಸಾಲು ಉದ್ದ ಇರುತ್ತದೆ, ಗುರುಗಳಿಗೂ ಪುರುಸೊತ್ತಿಲ್ಲ, ಹಿಂದೆ ನಿಂತವರು ಕೆಮ್ಮುತ್ತಾರೆ. ವಿಭೂತಿ ಬುಧವಾರ ಆದ ಮೊದಲೆರಡು ವಾರದಲ್ಲೇ ಧರ್ಮಕೇಂದ್ರಕ್ಕೆ ಫೋನ್ ಮಾಡಿ ಸಮಯ ಕೇಳಿ. ಸಭಾಪಾಲಕರ ಹತ್ತಿರ ಒಬ್ಬರೇ ಮಾತಾಡಬೇಕೆಂದರೂ ಆರಾಧನೆ ಮುಗಿದು ಕೈಕುಲುಕುವ ಗಲಾಟೆಯಲ್ಲಿ ಹಿಡಿಯಬೇಡಿ. ವಾರದ ಮಧ್ಯೆ ಒಂದು ಸಂಜೆ ಕೇಳಿಕೊಳ್ಳಿ, ವಿಷಯ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆಯೇ ಎಂಬುದನ್ನು ಬಾಯಿಬಿಡುವ ಮುಂಚೆಯೇ ಕೇಳಿಕೊಳ್ಳಿ. ಹಾಗೆ ಕೇಳಿದರೆ ಒಳ್ಳೆಯ ಸಭಾಪಾಲಕರು ಬೇಜಾರು ಮಾಡಿಕೊಳ್ಳುವುದಿಲ್ಲ.